ಭುಜದ ಫ್ರ್ಯಾಕ್ಚರ್ ಆಪರೇಷನ್: ಸೆಫಾಲಿಕ್ ವೇನ್ ಸಿಗದಿದ್ದರೆ ಏನು ಮಾಡ್ತೀರಿ?

ಆರ್ಥೋ_ಪಿಜಿ_2

ಎಲ್ಲರಿಗೂ ನಮಸ್ಕಾರ. ನಾನು ಆರ್ಥೋ ಎರಡನೇ ವರ್ಷದ ಪಿಜಿ. ಕಳೆದ ವಾರ ಒಂದು ಕೇಸಿಗೆ ಅಸಿಸ್ಟ್ ಮಾಡಿದೆ. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿ, ಹ್ಯೂಮರಸ್ ಮೂಳೆಯ ಮೇಲ್ತುದಿ ಮೂರು ತುಂಡಾಗಿತ್ತು. ಡೆಲ್ಟೋಪೆಕ್ಟೋರಲ್ ಅಪ್ರೋಚ್‌ನಲ್ಲಿ, ಅಂದರೆ ಭುಜದ ಡೆಲ್ಟಾಯ್ಡ್ ಸ್ನಾಯುವಿಗೂ ಎದೆಯ ಪೆಕ್ಟೋರಾಲಿಸ್ ಸ್ನಾಯುವಿಗೂ ನಡುವಿನ ಸಂದಿನಲ್ಲಿ ಹೋಗಿ ಪ್ಲೇಟ್ ಹಾಕೋದು ಅಂತ ತೀರ್ಮಾನವಾಗಿತ್ತು. ಆ ಸಂದಿಗೆ ಗುರುತು ಅಂದರೆ ಸೆಫಾಲಿಕ್ ವೇನ್. ಸರ್ ಚರ್ಮ ಕೊಯ್ದು, ‘ವೇನ್ ಹುಡುಕಪ್ಪ’ ಅಂತ ಕತ್ತರಿ ನನ್ನ ಕೈಗೆ ಕೊಟ್ಟರು.

ಪುಸ್ತಕದಲ್ಲಿ ಡೆಲ್ಟಾಯ್ಡ್‌ಗೂ ಪೆಕ್ಟೋರಾಲಿಸ್‌ಗೂ ನಡುವೆ ನೀಲಿ ಗೆರೆ ಎದ್ದು ಕಾಣುತ್ತೆ. ಇಲ್ಲಿ ಹೆಪ್ಪುಗಟ್ಟಿದ ರಕ್ತ, ಊದಿದ ಸ್ನಾಯು, ಎಲ್ಲಾ ಒಂದೇ ಕಡುಗೆಂಪು. ಇದೇ ಸಂದು ಇರಬೇಕು ಅಂದುಕೊಂಡು ಬಿಡಿಸಿದೆ, ನೋಡಿದರೆ ಡೆಲ್ಟಾಯ್ಡ್ ಒಳಗೇ ಹೋಗಿದ್ದೆ, ರಕ್ತ ಜಿನುಗೋಕೆ ಶುರುವಾಯಿತು. ಸರ್ ಬೈಯಲಿಲ್ಲ. ಗಾಯದ ಮೇಲ್ತುದಿಗೆ ಹೋಗಿ ಬೆರಳಿಟ್ಟು, ಸ್ವಲ್ಪ ಹೊತ್ತಲ್ಲೇ ವೇನ್ ತೋರಿಸಿದರು. ಕೇಸ್ ಮುಗಿದ ಮೇಲೆ ಕೇಳೋಣ ಅಂದರೆ ಅವರು ಮುಂದಿನ ಕೇಸಿಗೆ ಹೋಗಿಬಿಟ್ಟಿದ್ದರು.

ಅಜ್ಜಿ ಚೆನ್ನಾಗಿದ್ದಾರೆ. ಆದರೆ ನನಗೆ ಅದೇ ತಲೆಯಲ್ಲಿ ಕೂತಿದೆ. ವೇನ್ ಹುಡುಕೋಕೆ ಸರಿಯಾದ ದಾರಿ ಯಾವುದು? ಸಿಕ್ಕ ಮೇಲೆ ಯಾವ ಕಡೆಗೆ ಸರಿಸಬೇಕು? ಇನ್ನೊಂದು, ಆಳದಲ್ಲಿರೋ ಆಕ್ಸಿಲರಿ ಆರ್ಟರಿಯನ್ನ (ಕಂಕುಳ ಮೂಲಕ ಕೈಗೆ ಹೋಗೋ ಮುಖ್ಯ ರಕ್ತನಾಳ) ನಾನು ಇವತ್ತಿನ ತನಕ ಒಂದು ಕೇಸಲ್ಲೂ ಕಂಡಿಲ್ಲ. ಅದನ್ನೂ ಬಿಡಿಸಿ ನೋಡಿಕೊಂಡೇ ಮುಂದೆ ಹೋಗಬೇಕಾ?

ಭುಜದ_ಸರ್ಜನ್

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಕಣ್ಣಾರೆ ಹುಡುಕಬೇಕಾದ್ದು ಸೆಫಾಲಿಕ್ ವೇನ್ ಒಂದೇ. ಉಳಿದವು ಎಲ್ಲಿವೆ ಅಂತ ಗೊತ್ತಿಟ್ಟುಕೊಂಡು, ಅಲ್ಲಿಗೆ ಹೋಗದೇ ಇರೋದೇ ಅವನ್ನ ಕಾಪಾಡೋ ರೀತಿ. ಆಕ್ಸಿಲರಿ ಆರ್ಟರಿ ನೀವು ಕಂಡಿಲ್ಲ ಅಂದರೆ ಕೇಸ್ ಸರಿಯಾಗಿ ನಡೆದಿದೆ ಅಂತಲೇ ಅರ್ಥ.

ನಿಮ್ಮ ಸರ್ ಮಾಡಿದ್ದೇ ಸರಿ ದಾರಿ. ಕೊಯ್ಯೋ ಮೊದಲೇ ಕೊರಕಾಯ್ಡ್ (ಭುಜದ ಮುಂದೆ ಕೈಗೆ ಸಿಗೋ ಮೂಳೆಯ ಮೊನೆ) ಮುಟ್ಟಿ ನೋಡಿ ಪೆನ್ನಲ್ಲಿ ಗುರುತು ಹಾಕಿ. ಊತ ಜಾಸ್ತಿ ಇದ್ದರೆ ಬೆರಳು ಒತ್ತಿ ಹಿಡಿಯಿರಿ, ಸಿಗುತ್ತೆ. ಒಳಗೆ ಗೊಂದಲ ಅನ್ನಿಸಿದ ಕೂಡಲೇ ಗಾಯದ ಮೇಲ್ತುದಿಗೆ ಹೋಗಿ. ಅಲ್ಲಿ ಕಾಲರ್‌ಬೋನ್ ಕೆಳಗೆ ಎರಡೂ ಸ್ನಾಯು ದೂರ ಸರಿದು ಸಣ್ಣ ತ್ರಿಕೋನ ಆಗುತ್ತೆ. ಅದರಲ್ಲಿ ಹಳದಿ ಕೊಬ್ಬು ಇರುತ್ತೆ. ರಕ್ತದಲ್ಲಿ ನೆನೆದು ಸ್ನಾಯುವೆಲ್ಲ ಒಂದೇ ಬಣ್ಣ ಆಗಿದ್ದರೂ ಆ ಹಳದಿ ಗೆರೆ ಸಾಮಾನ್ಯವಾಗಿ ಕಾಣುತ್ತೆ, ವೇನ್ ಅದರೊಳಗೇ ಇರುತ್ತೆ. ಅಲ್ಲಿಂದ ಕೆಳಕ್ಕೆ ಬಿಡಿಸಿಕೊಂಡು ಬನ್ನಿ. ಸ್ನಾಯುವಿನ ಎಳೆ ಹೋಗೋ ದಿಕ್ಕನ್ನೂ ನೋಡಿ: ಡೆಲ್ಟಾಯ್ಡ್ ಎಳೆ ಕೆಳಕ್ಕೆ ಇಳಿಯುತ್ತೆ, ಪೆಕ್ಟೋರಾಲಿಸ್ ಎಳೆ ಎದೆಯಿಂದ ಅಡ್ಡಕ್ಕೆ ಬರುತ್ತೆ. ಕೆಲವರಲ್ಲಿ ವೇನ್ ತೀರಾ ಸಣ್ಣ, ಕೆಲವರಲ್ಲಿ ಇರೋದೇ ಇಲ್ಲ. ಆಗ ಕೊಬ್ಬಿನ ಗೆರೆ, ಎಳೆಯ ದಿಕ್ಕು ಇವೆರಡನ್ನೇ ನಂಬಿ ಹೋಗಬೇಕು.

ನಾನು ಡೆಲ್ಟಾಯ್ಡ್ ಜೊತೆಗೆ ಹೊರಕ್ಕೆ ಸರಿಸ್ತೀನಿ, ಯಾಕೆಂದರೆ ಅದರ ಕವಲುಗಳು ಜಾಸ್ತಿ ಬರೋದು ಡೆಲ್ಟಾಯ್ಡ್ ಕಡೆಯಿಂದ. ಒಳಕ್ಕೆ ಸರಿಸೋರೂ ಇದ್ದಾರೆ. ಹೊರಕ್ಕೆ ತಗೊಂಡರೆ ಗಾಯದ ಮೇಲ್ಭಾಗದಲ್ಲಿ ರಿಟ್ರ್ಯಾಕ್ಟರ್‌ಗೆ ಸಿಕ್ಕಿ ಎಳೆದುಕೊಳ್ಳುತ್ತೆ ಅನ್ನೋದು ಅವರ ವಾದ, ಅದೂ ನಿಜ. ಯಾವ ಕಡೆ ಆದರೂ ಸುತ್ತ ಸ್ವಲ್ಪ ಕೊಬ್ಬು ಉಳಿಸಿ, ಬತ್ತಲೆ ಮಾಡಬೇಡಿ. ಹರಿದೇ ಹೋದರೆ ಎರಡೂ ತುದಿ ಕಟ್ಟಿ, ಕೈಗೆ ತೊಂದರೆ ಆಗೋದು ಅಪರೂಪ. ಗಾಬರಿಯಲ್ಲಿ ಕಾಟರಿ ಹಿಡಿದು ಸುಡ್ತಾ ಹೋದರೆ ಮಾತ್ರ ಕೆಲಸ ಕೆಡುತ್ತೆ.

ಒಳಗೆ ಹೋದ ಮೇಲೆ ಕೊರಕಾಯ್ಡ್‌ನಿಂದ ಕೆಳಕ್ಕಿಳಿಯೋ ಕಂಜಾಯಿಂಟ್ ಟೆಂಡನ್‌ನ ಹೊರ ಅಂಚೇ ನಿಮ್ಮ ಗಡಿ. ಕೊರಕಾಯ್ಡ್‌ನಿಂದ ಒಳಗಡೆಗೆ, ಪೆಕ್ಟೋರಾಲಿಸ್ ಮೈನರ್ ಹಿಂದೆ, ಆಕ್ಸಿಲರಿ ಆರ್ಟರಿ, ವೇನ್, ಕೈಗೆ ಹೋಗೋ ನರಗಳು ಎಲ್ಲಾ ಒಂದೇ ಕಟ್ಟಾಗಿ ಇವೆ. ಅಲ್ಲಿ ನಮಗೆ ಏನೂ ಕೆಲಸ ಇಲ್ಲ. ಟೆಂಡನ್ ಕೆಳಗೆ ಮೊಂಡು ರಿಟ್ರ್ಯಾಕ್ಟರ್ ಮಾತ್ರ ಹಾಕಿ, ಮೆತ್ತಗೆ ಹಿಡಿಯಿರಿ, ಆಗಾಗ ಸಡಿಲ ಬಿಡಿ. ಮಸ್ಕ್ಯುಲೋಕ್ಯುಟೇನಿಯಸ್ ನರ ಸಾಮಾನ್ಯವಾಗಿ ಕೊರಕಾಯ್ಡ್ ತುದಿಯಿಂದ 5ರಿಂದ 8 ಸೆಂ.ಮೀ. ಕೆಳಗೆ ಕೊರಕೋಬ್ರೇಕಿಯಾಲಿಸ್ ಸ್ನಾಯುವಿನೊಳಗೆ ಹೋಗುತ್ತೆ, ಕೆಲವರಲ್ಲಿ ಇನ್ನೂ ಮೇಲೇ.

ಮೂಳೆ_ಮೇಷ್ಟ್ರು

ಮೇಲಿನ ಸರ್ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಕೈ ಉಳಿಸೋ ನಾಳ ಬೇರೆ, ಮೂಳೆಯ ತಲೆ ಉಳಿಸೋ ನಾಳ ಬೇರೆ. ಎರಡನೆಯದನ್ನ ಪಿಜಿಗಳು ಮರೀತಾರೆ, ಯಾಕೆಂದರೆ ಅದು ಹೋದರೆ ಟೇಬಲ್ ಮೇಲೆ ಗೊತ್ತಾಗಲ್ಲ, ಎಷ್ಟೋ ತಿಂಗಳಾದ ಮೇಲೆ ಎಕ್ಸ್‌ರೇನಲ್ಲಿ ತಲೆ ಕುಸಿದಿರುತ್ತೆ.

ಭುಜದ ಮುಂಬದಿಯ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವಿನ ಕೆಳ ಅಂಚಲ್ಲಿ ಒಂದು ಆರ್ಟರಿ, ಜೊತೆಗೆ ಎರಡು ವೇನ್ ಹೋಗುತ್ತವೆ, ನಾವು ಮೂರು ಅಕ್ಕತಂಗಿಯರು ಅಂತೀವಿ. ಅದು ಆಂಟೀರಿಯರ್ ಸರ್ಕಮ್‌ಫ್ಲೆಕ್ಸ್. ಅದರ ಕವಲೊಂದು ಬೈಸೆಪ್ಸ್ ಕಾಲುವೆಯ (ಬೈಸೆಪ್ಸ್ ಟೆಂಡನ್ ಕೂರೋ ಮೂಳೆಯ ತಗ್ಗು) ಹೊರ ಅಂಚಿನಲ್ಲೇ ಮೇಲಕ್ಕೆ ಹತ್ತಿ ಮೂಳೆಯೊಳಗೆ ಹೋಗುತ್ತೆ. ಆದ್ದರಿಂದ ಪ್ಲೇಟ್ ಕಾಲುವೆಗೆ ಅಂಟಿ ಕೂರಬಾರದು, 2ರಿಂದ 4 ಮಿ.ಮೀ. ಆದರೂ ಹೊರಗೆ ಇರಬೇಕು.

ತಲೆಗೆ ರಕ್ತ ಬರೋದೇ ಮುಖ್ಯವಾಗಿ ಈ ಕವಲಿನಿಂದ ಅಂತ 1990ರಲ್ಲಿ ಗರ್ಬರ್ ಮತ್ತು ಜೊತೆಯವರು ತೋರಿಸಿದ್ದರು, ನಾವೂ ಹಾಗೇ ಕಲಿತೆವು. 2010ರಲ್ಲಿ ಹೆಟ್ರಿಚ್ ಮತ್ತು ಜೊತೆಯವರು ಅಳೆದು ನೋಡಿದಾಗ 64% ಬರೋದು ಹಿಂದಿನ ಪೋಸ್ಟೀರಿಯರ್ ಸರ್ಕಮ್‌ಫ್ಲೆಕ್ಸ್‌ನಿಂದ ಅಂತ ಬಂತು. ನನಗಂತೂ ಇದು ಕೆಲಸದ ರೀತಿಯನ್ನೇ ಬದಲಿಸಿತು. ಮೂಳೆಯ ಕುತ್ತಿಗೆಯ ಒಳ ಹಿಂಬದಿಗೆ ಚೂಪು ತುದಿಯ ಹೋಮನ್ ರಿಟ್ರ್ಯಾಕ್ಟರ್ ತೂರಿಸಿ ಮೀಟೋದನ್ನ ನಿಲ್ಲಿಸಿದೆ. ಅಲ್ಲಿ ತಲೆಗೆ ಅಂಟಿಕೊಂಡಿರೋ ಪೊರೆಯನ್ನೂ ಕೆರೆಯಲ್ಲ. ತುಂಡುಗಳಿಗೆ ಟೆಂಡನ್ ಮೂಲಕ ದಾರ ಹಾಕಿ, ದಾರ ಎಳೆದೇ ಜಾಗಕ್ಕೆ ತರ್ತೀನಿ.

ಸಿಟಿ ನೋಡುವಾಗ 2004ರ ಹರ್ಟೆಲ್ ಲೆಕ್ಕ ನೆನಪಿಟ್ಟುಕೊಳ್ಳಿ. ತಲೆಗೆ ಅಂಟಿದ ಒಳಬದಿಯ ಮೂಳೆ 8 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ, ಒಳಬದಿಯ ಹಿಂಜ್ (ತಲೆಯೂ ಕೆಳಗಿನ ಮೂಳೆಯೂ ಕೂಡೋ ಅಂಚು) 2 ಮಿ.ಮೀ.ಗಿಂತ ಜಾಸ್ತಿ ಸರಿದಿದ್ದರೆ, ತಲೆಗೆ ರಕ್ತ ನಿಂತಿರೋ ಸಾಧ್ಯತೆ ಹೆಚ್ಚು. ಹಾಗಂತ ತಲೆ ಸತ್ತೇ ಹೋಗುತ್ತೆ ಅಂತಲ್ಲ. ಅದೇ ತಂಡ 2008ರಲ್ಲಿ ಅದೇ ರೋಗಿಗಳನ್ನ ಮತ್ತೆ ನೋಡಿದಾಗ ಎಷ್ಟೋ ತಲೆ ಬದುಕಿಕೊಂಡಿದ್ದವು. ಉಳಿದಿರೋದನ್ನ ನಾವು ಕೆಡಿಸದಿದ್ದರೆ ಅದಕ್ಕೂ ಅವಕಾಶ ಇದೆ.

ಓಟಿ_ಸಿಸ್ಟರ್

ಡಾಕ್ಟ್ರೇ, ಕೊಯ್ಯೋ ಮೊದಲಿನ ವಿಷಯ ಯಾರೂ ಹೇಳಲಿಲ್ಲ. ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಹೀಗೇ ಬಿದ್ದ ಅಜ್ಜಿಯ ಕೈ ತಣ್ಣಗಿತ್ತು. ಪಲ್ಸ್ ಸಿಗ್ತಿದೆ, ಎಸಿ ತಂಪಿಗೆ ಹಾಗಾಗಿರಬೇಕು ಅಂದರು. ನಾನು ಎರಡೂ ಕೈ ಹಿಡಿದು ನೋಡಿದೆ. ಒಂದು ಬೆಚ್ಚಗೆ, ಇನ್ನೊಂದು ತಣ್ಣಗೆ, ಆ ಕೈಯ ಉಗುರು ಒತ್ತಿ ಬಿಟ್ಟರೆ ಬಿಳಿ ಹಾಗೇ ನಿಲ್ತಿತ್ತು. ಒತ್ತಾಯ ಮಾಡಿದ ಮೇಲೆ ಸಿಟಿ ಆಂಜಿಯೋ ಆಯಿತು. ಕಂಕುಳಲ್ಲಿ ಆರ್ಟರಿಗೆ ಪೆಟ್ಟಾಗಿತ್ತು. ಭುಜದ ಸುತ್ತ ಅಡ್ಡದಾರಿಯ ನಾಳಗಳು ಜಾಸ್ತಿ ಇರೋದರಿಂದ, ಮುಖ್ಯ ಆರ್ಟರಿ ಕೆಟ್ಟರೂ ಮಣಿಕಟ್ಟಲ್ಲಿ ಪಲ್ಸ್ ಸಿಗಬಹುದು ಅಂತ ವ್ಯಾಸ್ಕ್ಯುಲರ್ ಸರ್ ಆಮೇಲೆ ಹೇಳಿದರು.

ವಯಸ್ಸಾದವರು, ಎಕ್ಸ್‌ರೇನಲ್ಲಿ ಮೂಳೆಯ ಕೆಳತುಂಡು ಕಂಕುಳ ಕಡೆಗೆ ಸರಿದಿದೆ, ಕಂಕುಳಲ್ಲಿ ಊತ ಏರುತ್ತಿದೆ, ಇಂಥ ಕೇಸಲ್ಲಿ ವ್ಯಾಸ್ಕ್ಯುಲರ್ ಸರ್‌ಗೆ ಮೊದಲೇ ಫೋನ್ ಹೋಗಲಿ. ನಾವು ವ್ಯಾಸ್ಕ್ಯುಲರ್ ಟ್ರೇ ತೆಗೆದಿಡ್ತೀವಿ, ಕಾಲರ್‌ಬೋನ್ ದಾಟಿ ಎದೆ ನಡುವಿನ ತನಕ ಪೇಂಟ್ ಮಾಡ್ತೀವಿ, ಬೇಕಾದರೆ ಮೇಲಿಂದ ನಾಳ ಹಿಡಿಯೋಕೆ ಜಾಗ ಇರಲಿ ಅಂತ. ಆಳದಿಂದ ಒಮ್ಮೆಲೇ ರಕ್ತ ಉಕ್ಕಿದರೆ ಮಾಪ್ ಇಟ್ಟು ಬೆರಳಲ್ಲಿ ಒತ್ತಿ ಹಿಡಿಯಿರಿ, ಅನಸ್ತೇಷಿಯಾದವರಿಗೆ ಜೋರಾಗಿ ಹೇಳಿ. ಕಾಣದೇ ಕ್ಲ್ಯಾಂಪ್ ಹಾಕಬೇಡಿ, ಪಕ್ಕದಲ್ಲೇ ನರಗಳಿವೆ.

ಆರ್ಥೋ_ಪಿಜಿ_2

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ಇವತ್ತು ವಾರ್ಡ್‌ನಲ್ಲಿ ಎರಡೂ ಕೈ ಹಿಡಿದು ನೋಡೋದು ಶುರು ಮಾಡಿದೆ. ಒಂದೇ ಒಂದು ಉಳಿದಿದೆ: ಪ್ಲೇಟಿನ ಕೆಳಗಿನ ಸ್ಕ್ರೂಗಳಿಗೆ ಡ್ರಿಲ್ ಮಾಡುವಾಗ ಬಿಟ್ ಆಚೆ ಹಾದು ಹೋದರೆ ನಾಳಕ್ಕೆ ತಗಲುತ್ತಾ?

ಭುಜದ_ಸರ್ಜನ್

ತಗಲಬಹುದು. ಟೆರೆಸ್ ಮೇಜರ್ ಸ್ನಾಯುವಿನ ಕೆಳ ಅಂಚು ದಾಟಿದ ಮೇಲೆ ಅದೇ ಆಕ್ಸಿಲರಿ ಆರ್ಟರಿ ಬ್ರೇಕಿಯಲ್ ಆಗಿ ತೋಳಿನ ಒಳಬದಿಯಲ್ಲೇ ಇಳಿಯುತ್ತೆ, ನಿಮ್ಮ ಡ್ರಿಲ್ ಹೊರಗಿಂದ ನೋಡ್ತಿರೋದೂ ಆ ಕಡೆಗೇ. ಹೊಸ ಬಿಟ್ ಕೇಳಿ, ಮೊಂಡಾದ್ದಕ್ಕೆ ಒತ್ತಡ ಜಾಸ್ತಿ ಹಾಕಬೇಕಾಗುತ್ತೆ, ಒಮ್ಮೆಲೇ ನುಗ್ಗುತ್ತೆ. ಸ್ಲೀವ್ (ಬಿಟ್ ಸುತ್ತ ಹಿಡಿಯೋ ಕೊಳವೆ) ಬಿಡಬೇಡಿ. ಮೂಳೆಯ ಆಚೆ ಬದಿಯ ಗೋಡೆ ಹತ್ತಿರ ಬಂದಾಗ ಸದ್ದು ಬದಲಾಗುತ್ತೆ, ಅಲ್ಲಿ ಕೈ ಹಗುರ ಮಾಡಿ.