ಸಹಾಯ ಬೇಕು: ಹೊನ್ನಾವರದ ಕಾಂಡ್ಲಾವನ ಮತ್ತು ಕಾಸರಕೋಡು ಕಡಲತೀರಕ್ಕೆ ಭೇಟಿ

ಎಲ್ಲರಿಗೂ ನಮಸ್ಕಾರ. ಅರೇಬಿಕಾ ಕಾಫಿಯ ಕೊಯ್ಲು ಮುಗಿದ ಬಳಿಕ, ಫೆಬ್ರುವರಿಯಲ್ಲಿ, ಮೊಣಕಾಲು ನೋವಿರುವ ನನ್ನ ತಾಯಿಯವರನ್ನು ಚಿಕ್ಕಮಗಳೂರಿನಿಂದ ಹೊನ್ನಾವರಕ್ಕೆ ಕರೆದೊಯ್ದು, ಶರಾವತಿ ಅಳಿವೆಯ ಕಾಂಡ್ಲಾವನದೊಳಗಿನ (ಮ್ಯಾಂಗ್ರೋವ್ ಕಾಡಿನೊಳಗಿನ) ನಡಿಗೆ ಹಾದಿಯನ್ನೂ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಕಾಸರಕೋಡು ಕಡಲತೀರವನ್ನೂ ತೋರಿಸಬೇಕೆಂದಿದ್ದೇನೆ. ಮಲೆನಾಡಿನಲ್ಲೇ ಬಾಳಿದ ಅವರಿಗೆ ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಮರಗಳನ್ನು ಕಾಣುವ ಆಸೆ ಬಹಳವಿದೆ.

ಹಾದಿಯಲ್ಲಿ ಮೆಟ್ಟಿಲುಗಳಿವೆಯೇ, ನಡುವೆ ಕುಳಿತುಕೊಳ್ಳಲು ಜಾಗವಿದೆಯೇ, ಗಾಲಿಕುರ್ಚಿಯಲ್ಲಿ ಮರಳಿನವರೆಗೆ ಹೋಗಬಹುದೇ ಎಂಬುದನ್ನು ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಬೇಕು. ಕಾಂಡ್ಲಾ ಬೇರುಗಳೂ ಕೆಸರಿನ ಏಡಿಗಳೂ ಕಡಲ ಇಳಿತದಲ್ಲೇ ಚೆನ್ನಾಗಿ ಕಾಣುವುದರಿಂದ, ಆ ಹೊತ್ತಿಗೆ ಒಳಗೆ ಪ್ರವೇಶ ಸಿಗುವುದು ನಮಗೆ ಮುಖ್ಯ. ಕಡಲಾಮೆಗಳು ಅಲ್ಲಿ ಮೊಟ್ಟೆಯಿಡುವ ಕಾಲವೂ ಅದೇ ಆದ್ದರಿಂದ, ಗೂಡುಗಳಿಗೆ ಕಿಂಚಿತ್ತೂ ತೊಂದರೆಯಾಗದಂತೆ ತೀರದ ಯಾವ ಭಾಗದಲ್ಲಿ ನಡೆಯಬೇಕೆಂಬುದನ್ನೂ ಸ್ಥಳೀಯರು ತಿಳಿಸಿದರೆ ಉಪಕಾರವಾಗುತ್ತದೆ.

ಸಾಗರ, ಗೇರುಸೊಪ್ಪೆ ಮಾರ್ಗವಾಗಿ ಬರುವವರಿದ್ದೇವೆ. ಈಗ ಘಾಟಿ ರಸ್ತೆ ಹೇಗಿದೆ?