ಸಹಾಯ ಬೇಕು: ಅಮ್ಮ ಸ್ಕ್ಯಾನರ್ ಬೇಡವೇ ಬೇಡ ಅಂತಿದ್ದಾರೆ

ಹಾಸನದಿಂದ ಬರೆಯುತ್ತಿದ್ದೇನೆ. ಅಕ್ಕನ ಬಾಣಂತನಕ್ಕೆ ಅಮ್ಮ ಅಮೆರಿಕಕ್ಕೆ ಹೊರಟಿದ್ದಾರೆ. ವಾಪಸ್ ಬರುವಾಗ ಅಲ್ಲಿನ ಏರ್‌ಪೋರ್ಟ್ ಸೆಕ್ಯೂರಿಟಿಯ ಫುಲ್ ಬಾಡಿ ಸ್ಕ್ಯಾನರ್‌ದೇ ತಲೆನೋವು. ಕೈ ಎತ್ತಿ ನಿಂತರೆ ಮೈಯೆಲ್ಲಾ ಕಾಣುತ್ತೆ ಅಂತ ಪಕ್ಕದ ಮನೆಯವರು ಸುಮ್ನೆ ಹೆದರಿಸಿಬಿಟ್ಟಿದ್ದಾರೆ. ಹಾಗೆ ಮೈ ತೋರಿಸುತ್ತಿದ್ದ ಹಳೇ ಎಕ್ಸ್‌ರೇ ಯಂತ್ರಗಳನ್ನು 2013ರಲ್ಲೇ ತೆಗೆದರು, ಈಗ ಬರೀ ಗೊಂಬೆಯಂಥ ಚಿತ್ರ ಬರುತ್ತೆ ಅಂದರೂ ಕೇಳುತ್ತಿಲ್ಲ. ಬೇಡ ಅಂದರೆ ಹೆಂಗಸರೇ ಕೈಯಿಂದ ತಪಾಸಣೆ ಮಾಡುತ್ತಾರೆ ಅಂತ ಟಿಎಸ್‌ಎ (ಅಮೆರಿಕದ ಏರ್‌ಪೋರ್ಟ್ ಸೆಕ್ಯೂರಿಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಿಯಮದಲ್ಲಿ ಓದಿದೆ. ಏರ್‌ಲೈನ್‌ಗೆ ಫೋನ್ ಮಾಡಿದರೆ ಸೆಕ್ಯೂರಿಟಿಯವರನ್ನೇ ಕೇಳಿ ಅಂದರು.

ಗೊಂದಲ ಇಷ್ಟೇ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಮಂಡಿ ಆಪರೇಷನ್ ಆಗಿದೆ, ಒಳಗೆ ಲೋಹ ಇದೆ, ವೀಲ್‌ಚೇರ್ ಬುಕ್ ಮಾಡಿದ್ದೇವೆ. ಸೀರೆಗೆ ನಾಲ್ಕು ಪಿನ್ನು ಬೇರೆ! ಸ್ಕ್ಯಾನರ್ ಬೇಡ ಅಂತ ಯಾವ ಹಂತದಲ್ಲಿ, ಯಾರಿಗೆ ಹೇಳಬೇಕು? ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟರೆ ಸಾಕಾ? ಅಮ್ಮಂದಿರನ್ನು ಒಬ್ಬರನ್ನೇ ಕಳಿಸಿದವರು ದಯವಿಟ್ಟು ತಿಳಿಸಿ.