ಎಂಎಚ್ ಕಾರು ಬೆಂಗಳೂರಿಗೆ ತರ್ತಿದ್ದೀನಿ: ಟ್ಯಾಕ್ಸ್ ವರ್ಷ ವರ್ಷ ಕಟ್ಟಬೇಕಾ, ಒಟ್ಟು ಎಷ್ಟಾಗುತ್ತೆ? ಅನುಭವ ಇದ್ದವರು ಹೇಳಿ

ಪಿಂಪ್ರಿಯಿಂದ ಹೊರಟವಳು:

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಪುಣೆ ಕಡೆ ಇದ್ದು ಈಗ ಊರಿಗೆ ವಾಪಸ್. ಈ ಡಿಸೆಂಬರ್ (2025) ಮೊದಲ ವಾರ ಸಾಮಾನು ಸಮೇತ ಬೆಂಗಳೂರು. ಜೊತೆಗೆ ಎಂಎಚ್-14 ಕಾರು ಒಂದಿದೆ. ಪೆಟ್ರೋಲ್, 2019ರ ಆಗಸ್ಟ್‌ನಲ್ಲಿ ರಿಜಿಸ್ಟರ್ ಆಗಿದ್ದು, ಆಗಿನ ಎಕ್ಸ್ ಶೋರೂಂ ಬೆಲೆ 8,20,000. ಅಲ್ಲಿ ಟ್ಯಾಕ್ಸ್ ಅಂತ 11 ಪರ್ಸೆಂಟ್, ಅಂದ್ರೆ 90,200 ಕಟ್ಟಿದ್ದೆ. ಸಾಲ ತೀರಿದೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿದೆ.

ಆಫೀಸಲ್ಲಿ ಕೇಳಿದರೆ ತಲೆಗೊಂದು ಮಾತು. ಲಂಡನ್‌ನಿಂದ ಬಂದವರೊಬ್ಬರು "ಕಾರ್ ಟ್ಯಾಕ್ಸ್ ಅಂದ್ರೆ ವರ್ಷಕ್ಕೊಂದು ಸಲ" ಅಂತಾರೆ. ಇನ್ನೊಬ್ಬರು "ಒಂದೇ ಏಟಿಗೆ ಲಕ್ಷ ಹೋಗುತ್ತೆ, ಅಲ್ಲೇ ಮಾರಿ ಬನ್ನಿ" ಅಂತಾರೆ. ಏಜೆಂಟ್ ಒಬ್ಬ ಫೋನಲ್ಲಿ ಕಾರಿನ ಹೆಸರು ಕೂಡ ಕೇಳದೆ "ಎಲ್ಲಾ ಸೇರಿ ಒಂದೂ ಕಾಲು ಲಕ್ಷ ಆಗುತ್ತೆ ಮೇಡಂ" ಅಂದ. ಮನೆ ಲೆಕ್ಕದ ಪುಸ್ತಕದಲ್ಲಿ ಕಾರಿಗೆ ಅಂತ ವರ್ಷಕ್ಕೆ ಎಷ್ಟು ಬರೆದಿಡಲಿ? ಈ ಕೆಲಸ ಮಾಡಿ ಮುಗಿಸಿದವರು ದಯವಿಟ್ಟು ಹೇಳಿ.

ಜಯನಗರದ ಹಳಬ:

ಮೇಡಂ, ಮೊದಲು ಏಜೆಂಟ್ ಹೇಳಿದ ಒಂದೂ ಕಾಲನ್ನು ತಲೆಯಿಂದ ತೆಗೆದುಹಾಕಿ. ಲೆಕ್ಕ ನೀವೇ ಹಾಕಬಹುದು, ಐದು ನಿಮಿಷದ ಕೆಲಸ. ನಾನು ಮೂರು ವರ್ಷದ ಹಿಂದೆ ಹೈದರಾಬಾದ್ ಗಾಡಿ ತಂದಾಗ ಹಾಲಿನ ಲೆಕ್ಕದ ಚೀಟಿಯ ಹಿಂದೆ ಹಾಕಿದ್ದೆ. ಕೌಂಟರ್‌ನಲ್ಲಿ ಬಂದ ಮೊತ್ತಕ್ಕೂ ನನ್ನದಕ್ಕೂ ಹತ್ತು ರೂಪಾಯಿ ಕೂಡ ವ್ಯತ್ಯಾಸ ಬರಲಿಲ್ಲ.

ಕರ್ನಾಟಕದಲ್ಲಿ ಸ್ವಂತ ಕಾರಿಗೆ ವರ್ಷ ವರ್ಷದ ಟ್ಯಾಕ್ಸ್ ಇಲ್ಲ, ಒಂದೇ ಸಲ ಕಟ್ಟೋ ಲೈಫ್‌ಟೈಮ್ ಟ್ಯಾಕ್ಸ್. ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಬೆಲೆ 5 ಲಕ್ಷದೊಳಗಿದ್ದರೆ 13 ಪರ್ಸೆಂಟ್, 5ರಿಂದ 10 ಲಕ್ಷಕ್ಕೆ 14, 10ರಿಂದ 20ಕ್ಕೆ 17, ಅದರ ಮೇಲೆ 18. ಆ ಟ್ಯಾಕ್ಸ್ ಮೇಲೆ 11 ಪರ್ಸೆಂಟ್ ಸೆಸ್. ಹೊರರಾಜ್ಯದ ಹಳೆ ಗಾಡಿ ಆದರೆ ಈ ಪೂರ್ತಿ ಮೊತ್ತ ಕೇಳಲ್ಲ. ಗಾಡಿಗೆ ಎಷ್ಟು ವಯಸ್ಸಾಗಿದೆ ನೋಡಿ ಅದರಲ್ಲಿ ಇಷ್ಟು ಪಾಲು ಅಂತ ಇದೆ. ಎರಡು ವರ್ಷದೊಳಗಿದ್ದರೆ 93 ಪರ್ಸೆಂಟ್. ಆಮೇಲೆ ವರ್ಷಕ್ಕೆ ಆರಾರು ಇಳೀತಾ 87, 81, 75, 69. ಆರು ದಾಟಿ ಏಳರೊಳಗಿದ್ದರೆ 64, ಏಳು ದಾಟಿದರೆ 59, ಹೀಗೆ ಇಳಿದು ಹದಿನೈದು ವರ್ಷ ದಾಟಿದ ಮೇಲೆ 25ಕ್ಕೆ ನಿಲ್ಲುತ್ತೆ.

ನಿಮ್ಮದಕ್ಕೆ ಹಾಕೋಣ. 8,20,000ಕ್ಕೆ 14 ಪರ್ಸೆಂಟ್ ಅಂದರೆ 1,14,800. ಡಿಸೆಂಬರ್‌ಗೆ ಗಾಡಿಗೆ ಆರು ವರ್ಷ ನಾಲ್ಕು ತಿಂಗಳು, ಹಾಗಾಗಿ ಅದರ 64 ಪರ್ಸೆಂಟ್: 73,472. ಸೆಸ್ 8,082. ಒಟ್ಟು 81,554. ಇದರ ಮೇಲೆ ಕಾರಿನ ರಿಜಿಸ್ಟ್ರೇಷನ್ ಫೀಸು 600, ಸ್ಮಾರ್ಟ್ ಕಾರ್ಡಿಗೆ 200, ಹೊಸ ನಂಬರ್ ಪ್ಲೇಟು. ಒಂದೂ ಕಾಲು ಎಲ್ಲಿಂದ ಬಂತು ಅಂತ ಅವನನ್ನೇ ಕೇಳಿ.

ಒಂದು ವಿಷಯ ಬಹಳ ಜನ ತಪ್ಪು ತಿಳಿಯೋದು: ಈಗ ಮಾರಿದರೆ ಎಷ್ಟು ಬರುತ್ತೆ ಅನ್ನೋ ಬೆಲೆ ಮೇಲಲ್ಲ ಟ್ಯಾಕ್ಸು, ಕೊಂಡಾಗಿನ ಬೆಲೆ ಮೇಲೆ. ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿದು ಹೊಸ ಕಾರು ಅಗ್ಗ ಆಯ್ತಲ್ಲ, ಅದಕ್ಕೂ ನಿಮ್ಮ ಲೆಕ್ಕಕ್ಕೂ ಸಂಬಂಧ ಇಲ್ಲ. 2019ರ ಇನ್‌ವಾಯ್ಸ್ ಹುಡುಕಿ ಎತ್ತಿಡಿ.

ಕೆಂಗೇರಿ ಕಡೆಯವ:

ಮೇಲಿನವರು ಹೇಳಿದ ಕೊನೇ ಮಾತು ನನಗೆ ಮೊದಲೇ ಗೊತ್ತಿದ್ದಿದ್ದರೆ ಒಂದಿಷ್ಟು ದುಡ್ಡು ಉಳೀತಿತ್ತು. ಚೆನ್ನೈನಲ್ಲಿದ್ದ ಭಾವ ತಮ್ಮ ಹತ್ತೂವರೆ ವರ್ಷದ ಸಣ್ಣ ಕಾರನ್ನ "ಇಟ್ಕೊಳ್ಳೋ" ಅಂತ ಕೊಟ್ಟರು. ಪುಕ್ಕಟೆ ಅಂತ ಖುಷಿಯಾಗಿ ತಂದೆ. ಮಾರಿದರೆ ಒಂದೂವರೆ ಲಕ್ಷ ಬಂದರೆ ಹೆಚ್ಚು. ಆದರೆ ಕೊಂಡಾಗ 5,50,000 ಇತ್ತಲ್ಲ, ಅದಕ್ಕೆ 14 ಪರ್ಸೆಂಟ್, ಅದರ 45 ಪರ್ಸೆಂಟ್, ಸೆಸ್, ಎಲ್ಲಾ ಸೇರಿ 38 ಸಾವಿರದ ಮೇಲೆ. ಗಾಡಿ ಬೆಲೆಯ ಕಾಲು ಭಾಗ ಟ್ಯಾಕ್ಸಿಗೇ ಹೋಯ್ತು. ಎಂಟು ಹತ್ತು ವರ್ಷ ದಾಟಿದ ಗಾಡಿ ಆದರೆ ಅಲ್ಲೇ ಮಾರಿ ಇಲ್ಲಿ ಕೆಎ ನಂಬರ್‌ದೇ ಸೆಕೆಂಡ್‌ಹ್ಯಾಂಡ್ ತಗೊಳ್ಳಿ ಅಂತ ನಾನಂತೂ ಯಾರಿಗೂ ಹೇಳ್ತೀನಿ. ನಿಮ್ಮದು ಆರು ವರ್ಷದ್ದು, ನೀವೇ ಓಡಿಸಿದ್ದು, ಹಿಸ್ಟರಿ ಗೊತ್ತಿರೋದು. ತರೋದೇ ವಾಸಿ.

ಎರಡು ಸಲ ಅಲೆದವಳು:

ಅಕ್ಕಾ, ಟ್ಯಾಕ್ಸ್ ಲೆಕ್ಕ ಸಿಕ್ತು ಬಿಡಿ. ತಲೆನೋವು ಇರೋದು ಎನ್‌ಒಸಿಯಲ್ಲಿ, ಅಂದ್ರೆ ಗಾಡಿ ಬೇರೆ ಕಡೆ ಹೋಗೋಕೆ ಹಳೇ ಆರ್‌ಟಿಒ ಕೊಡೋ ಒಪ್ಪಿಗೆ ಪತ್ರದಲ್ಲಿ. ನಾವೂ ಮಹಾರಾಷ್ಟ್ರದಿಂದಲೇ ಬಂದಿದ್ದು. ಗಂಟು ಮೂಟೆ ಕಟ್ಟಿ ಇಲ್ಲಿಗೆ ಬಂದ ಮೇಲೆ ಎನ್‌ಒಸಿ ಹಾಕೋಣ ಅಂದ್ಕೊಂಡು ಎರಡು ಸಲ ರಜೆ ಹಾಕಿ ವಾಪಸ್ ಹೋಗಿದ್ದೀವಿ. ಮೊದಲನೇ ಸಲ ಆನ್‌ಲೈನ್ ಅರ್ಜಿ ಮುಂದಕ್ಕೇ ಹೋಗಲಿಲ್ಲ, ಯಾಕಂದ್ರೆ ಯಾವುದೋ ಕಾಲದ ಸಿಗ್ನಲ್ ಜಂಪ್ ಇ-ಚಲನ್ ಎರಡು ಬಾಕಿ ಇತ್ತು. ಎರಡನೇ ಸಲ ಚಾಸಿ ನಂಬರ್ (ಕಾರಿನ ಮೈಮೇಲೆ ಕೊರೆದಿರೋ ಗುರುತಿನ ನಂಬರ್) ಪೆನ್ಸಿಲ್ ಪ್ರಿಂಟ್ ಸರಿ ಮೂಡಿಲ್ಲ ಅಂತ ಫಾರಂ ವಾಪಸ್ ಕೊಟ್ಟರು.

ಆ ಪೆನ್ಸಿಲ್ ಪ್ರಿಂಟ್ ಕಥೆ ಹೇಳ್ತೀನಿ, ನಿಮಗೂ ಬೇಕಾಗುತ್ತೆ. ಚಾಸಿ ನಂಬರ್ ಕೊರೆದಿರೋ ಜಾಗವನ್ನ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಅಗಲದ ಸೆಲ್ಲೋ ಟೇಪ್ ಅಲ್ಲ, ತೆಳು ಬಿಳಿ ಕಾಗದ ಇಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಬೇಕು. ನಾವು ಮಾಡಿದ ತಪ್ಪು ಪೆನ್ಸಿಲ್ ಚೂಪು ಮಾಡಿ ನೆಟ್ಟಗೆ ಹಿಡಿದಿದ್ದು, ಕಾಗದ ಹರೀತು. ಆರ್‌ಟಿಒ ಹೊರಗೆ ಕೂತಿರೋ ಹುಡುಗ ಇಪ್ಪತ್ತು ಸೆಕೆಂಡಲ್ಲಿ ತೆಗೆದು ನೂರು ರೂಪಾಯಿ ಇಸ್ಕೊಂಡ. ನೂರು ಹೋಗಲಿ, ಎರಡು ರಜೆ ಹೋಗಿದ್ದಕ್ಕೆ ಬೇಜಾರು.

ಹಾಗಾಗಿ ಪುಣೆ ಬಿಡೋ ಮೊದಲೇ ಇಷ್ಟು ಮುಗಿಸಿ. ಬ್ಯಾಂಕಿನಿಂದ ಸಾಲ ತೀರಿದ ಪತ್ರ ಮತ್ತು ಫಾರಂ 35 ತಗೊಂಡು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಬಾಕಿ ಚಲನ್ ಎಲ್ಲಾ ಕಟ್ಟಿ. ಆಮೇಲೆ ಫಾರಂ 28, ಅದೇ ಎನ್‌ಒಸಿಗೆ. ಅದರಲ್ಲಿ ಯಾವ ಆರ್‌ಟಿಒಗೆ ಹೋಗ್ತೀರಿ ಅಂತ ಬರೀಬೇಕು, ಬೆಂಗಳೂರಲ್ಲಿ ಮನೆ ಎಲ್ಲಿ ಅಂತ ಮೊದಲು ಗಟ್ಟಿ ಮಾಡ್ಕೊಳ್ಳಿ. ಜಯನಗರ ಕೆಎ-05, ಕೆಆರ್ ಪುರಂ ಕೆಎ-53, ಎಲೆಕ್ಟ್ರಾನಿಕ್ ಸಿಟಿ ಕೆಎ-51. ತಪ್ಪು ಆರ್‌ಟಿಒ ಬರೆಸಿಕೊಂಡು ಬಂದರೆ ಮತ್ತೆ ಪುಣೆ ಬಸ್ಸೇ ಗತಿ.

ಧಾರವಾಡದಾಂವ:

ಅಕ್ಕಾರ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲ, ಆದ್ರ "ವರ್ಷಕ್ಕ ಎಷ್ಟು" ಅಂತ ಕೇಳೀರಲ್ಲ, ಮುಂದ ಬೇಕಾಗತೈತಿ. ನಮ್ಮ ಅಪ್ಪಾರ ಕಾರು ಕೆಎ-25, 2009ರದ್ದು. ಹೋದ ವರ್ಷ 15 ತುಂಬಿತು. ಲೈಫ್‌ಟೈಮ್ ಕಟ್ಟೇವಿ, ಇನ್ನೇನೂ ಇಲ್ಲ ಅಂತ ಅವರು ಆರಾಮ ಕುಂತಿದ್ರು. ಹಂಗಲ್ರೀ. 15 ವರ್ಷ ಆದಮ್ಯಾಲೆ ಆರ್‌ಸಿ ರಿನೀವಲ್ ಮಾಡಿಸಬೇಕು, ಫಾರಂ 25. ಮೊದಲ ಬರೇ 600 ಇದ್ದ ಫೀಸ್ 2022ರ ಏಪ್ರಿಲ್‌ದಿಂದ 5,000 ಮಾಡ್ಯಾರ. ಮ್ಯಾಲೆ ನಮ್ಮ ರಾಜ್ಯದ ಗ್ರೀನ್ ಟ್ಯಾಕ್ಸ್ ಕಾರಿಗೆ 500. ಗಾಡಿ ತಗೊಂಡು ಹೋಗಿ ಇನ್‌ಸ್ಪೆಕ್ಟರ್ ಸಾಹೇಬ್ರಿಗೆ ತೋರಿಸಬೇಕು, ಇನ್ಶೂರೆನ್ಸ್, ಹೊಗಿ ಸರ್ಟಿಫಿಕೇಟ್ ಚಾಲ್ತಿ ಇರಬೇಕು. ಒಮ್ಮೆ ಮಾಡಿಸಿದ್ರ ಐದು ವರ್ಷ. 5,500 ಭಾಗಿಸು 5, ವರ್ಷಕ್ಕ 1,100 ಬಿತ್ತು ನೋಡ್ರಿ. ತಡ ಮಾಡಿದ್ರ ತಿಂಗಳಿಗೆ 500 ದಂಡ. ಅಪ್ಪಾರು "ನಾಳೆ ನೋಡೂಣು" ಅನಕೋತ ನಾಲ್ಕು ತಿಂಗಳ ತಗದ್ರು, 2,000 ಹೋತು. ಈ ವರ್ಷ ಆಗಸ್ಟ್‌ದಾಗ 20 ವರ್ಷ ದಾಟಿದ ಕಾರಿಗೆ ರಿನೀವಲ್ ಫೀಸ್ 10,000 ಮಾಡ್ಯಾರ. ಮುಂದಿನ ಸಲ ಅಪ್ಪಾರು ಗಾಡಿ ಬಿಡ್ತಾರೋ ನಾನ ಬಿಡಿಸಬೇಕೋ ಗೊತ್ತಿಲ್ಲ.

ಬ್ಯಾಂಕ್ ಟ್ರಾನ್ಸ್‌ಫರ್:

ಸರ್ಕಾರಿ ಬ್ಯಾಂಕಿನವನು, ನಾಲ್ಕು ವರ್ಷಕ್ಕೊಮ್ಮೆ ಊರು ಬದಲು. ನನ್ನದು ಬಿಎಚ್ ನಂಬರ್, ಅಂದ್ರೆ ರಾಜ್ಯ ಬದಲಾದರೂ ನಂಬರ್ ಬದಲಾಯಿಸಬೇಕಿಲ್ಲದ ಭಾರತ್ ಸರಣಿಯದು. ನಿಜವಾಗಿ ಕಂತಿನ ಥರ ಟ್ಯಾಕ್ಸ್ ಕಟ್ಟೋದು ಅಂದ್ರೆ ನಾವು: ಎರಡೆರಡು ವರ್ಷಕ್ಕೆ, ಆನ್‌ಲೈನಲ್ಲಿ. 14 ವರ್ಷ ಆದ ಮೇಲೆ ವರ್ಷ ವರ್ಷ, ಅರ್ಧ ಮೊತ್ತ. ದಿನ ಮರೆತು ಏಳು ದಿನ ದಾಟಿದರೆ ದಿನಕ್ಕೆ 100 ರೂಪಾಯಿ ದಂಡ, ಹಾಗಾಗಿ ಫೋನಲ್ಲಿ ಅಲಾರಂ ಇಟ್ಟಿದ್ದೀನಿ. 2022ರ ಡಿಸೆಂಬರ್ ತಿದ್ದುಪಡಿ ಆದಮೇಲೆ ಮಾಮೂಲಿ ನಂಬರನ್ನೂ ಬಿಎಚ್‌ಗೆ ಬದಲಾಯಿಸಬಹುದು. ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇದ್ದು ಫಾರಂ 60 (ಕಂಪನಿ ಕೊಡೋ ಉದ್ಯೋಗದ ಪ್ರಮಾಣಪತ್ರ) ಕೊಟ್ಟರೆ ಕೇಳಿ ನೋಡಿ. ಆದರೆ ಇನ್ನು ಬೆಂಗಳೂರೇ ಅಂತ ಬಂದಿರೋರಿಗೆ ಇದು ಯಾಕೆ ಬೇಕು ಅಂತ ನನಗನಿಸುತ್ತೆ.

ಮಿಲ್ಟನ್ ಕೀನ್ಸ್‌ನಿಂದ:

ನಿಮ್ಮ ಲಂಡನ್ ಸಹೋದ್ಯೋಗಿ ಸುಳ್ಳು ಹೇಳಿಲ್ಲ, ಇಲ್ಲಿನ ಮಾತು ಅಲ್ಲಿಗೆ ಹೇಳಿದ್ದಾರೆ ಅಷ್ಟೆ. ಇಲ್ಲಿ ಬ್ರಿಟನ್‌ನಲ್ಲಿ ಪ್ರತಿ ವರ್ಷ ಕಟ್ಟಬೇಕು. 2017ರ ಏಪ್ರಿಲ್ ನಂತರ ನೋಂದಣಿಯಾದ ಕಾರಿಗೆ ಎರಡನೇ ವರ್ಷದಿಂದ ಈ ವರ್ಷ (2025) 195 ಪೌಂಡ್. ಎಲೆಕ್ಟ್ರಿಕ್ ಕಾರಿಗೂ ಈ ವರ್ಷ ಏಪ್ರಿಲ್‌ನಿಂದ ಮಾಫಿ ಇಲ್ಲ. ನನ್ನ 2015ರ ಸಣ್ಣ ಡೀಸೆಲ್ ಕಾರು ಹಳೆ ಪದ್ಧತಿಯದು, ಹೊಗೆ ಕಮ್ಮಿ ಅಂತ ವರ್ಷಕ್ಕೆ ಬರೀ 20 ಪೌಂಡ್. ಅದಕ್ಕೇ ಹೆಂಡತಿ ಎಷ್ಟು ಹೇಳಿದರೂ ಮಾರಿಲ್ಲ. ಕಾರು ಮಾರಿದರೆ ಟ್ಯಾಕ್ಸ್ ಕೊಂಡವರಿಗೆ ಹೋಗಲ್ಲ. ಉಳಿದ ಪೂರ್ತಿ ತಿಂಗಳುಗಳ ದುಡ್ಡು ನಮಗೆ ವಾಪಸ್, ಕೊಂಡವರು ಹೊಸದಾಗಿ ಕಟ್ಟಬೇಕು.

ಪಿಂಪ್ರಿಯಿಂದ ಹೊರಟವಳು:

ಎಲ್ಲರಿಗೂ ಕೈ ಮುಗಿದೆ. ಇನ್ನೆರಡು ಪ್ರಶ್ನೆ. ಅಲ್ಲಿ ಕಟ್ಟಿದ 90,200ರಲ್ಲಿ ಏನಾದರೂ ವಾಪಸ್ ಬರುತ್ತಾ? ಮತ್ತೆ ಬರುವ ಆಗಸ್ಟ್ ತನಕ ಎಂಎಚ್ ಪ್ಲೇಟಲ್ಲೇ ಓಡಿಸಿ, ಏಳು ವರ್ಷ ದಾಟಿದ ಮೇಲೆ ಕಟ್ಟಿದರೆ 59 ಪರ್ಸೆಂಟಿಗೆ ಇಳಿಯುತ್ತಲ್ವಾ?

ಜಯನಗರದ ಹಳಬ:

ಇಳಿಯುತ್ತೆ. ಲೆಕ್ಕ ಹಾಕಿದೆ: 75,182 ಆಗುತ್ತೆ, ಆರು ಸಾವಿರ ಚಿಲ್ಲರೆ ಉಳಿತಾಯ. ಕೇಂದ್ರದ ಕಾಯ್ದೆಯಲ್ಲಿ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಹೊಸ ನಂಬರ್ ಹಾಕಿಸಬೇಕು ಅಂತ ಇರೋದು. ಆದರೆ ನಡುವೆ ಎಲ್ಲಾದರೂ ಅಡ್ಡ ಹಾಕಿ ಯಾವಾಗ ಬಂದಿದ್ದು ಅಂತ ಕೇಳಿದರೆ ತೋರಿಸೋಕೆ ದಾಖಲೆ ಬೇಕು. ಬರುವ ದಿನದ ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಡ್ಯಾಶ್‌ಬೋರ್ಡಲ್ಲಿ ಇಡಿ. ನನ್ನ ಕೇಳಿದರೆ ಆರು ಸಾವಿರಕ್ಕೋಸ್ಕರ ಎಂಟು ತಿಂಗಳು ಪ್ರತಿ ಸಿಗ್ನಲ್‌ನಲ್ಲಿ ಎದೆ ಹಿಡ್ಕೊಂಡು ಕೂರೋದು ಬೇಡ. ಎನ್‌ಒಸಿ ಕೂಡ ಅಷ್ಟು ದಿನ ಕಾಯಲ್ಲ.

ಎರಡು ಸಲ ಅಲೆದವಳು:

ರೀಫಂಡ್ ಬರುತ್ತೆ ಅಕ್ಕಾ, ಉಳಿದ ಅವಧಿಗೆ ತಕ್ಕ ಹಾಗೆ. ಇಲ್ಲಿ ಟ್ಯಾಕ್ಸ್ ಕಟ್ಟಿದ ರಸೀದಿ, ಹೊಸ ಆರ್‌ಸಿ ಪ್ರತಿ ಹಚ್ಚಿ ಅಲ್ಲಿಗೆ ಅರ್ಜಿ ಕೊಡಬೇಕು. ನಮ್ಮದು ಏಳು ತಿಂಗಳಾಯ್ತು ಕೈಗೆ ಬರೋಕೆ. ಬಂದಾಗ ನೋಡೋಣ ಅಂತ ಇರಿ, ಮನೆ ಲೆಕ್ಕದ ಪುಸ್ತಕದಲ್ಲಿ ಬರೀಬೇಡಿ. ಮೂಲ ರಸೀದಿ ಏಜೆಂಟ್ ಕೈಗೆ ಮಾತ್ರ ಕೊಡಲೇಬೇಡಿ. ನಮ್ಮ ಪಕ್ಕದ ಮನೆಯವರು ಎಲ್ಲಾ ಸೇರಿ ಅಂತ 1,10,000 ಕೊಟ್ಟು, ರಸೀದಿ ಕೇಳಿ ಕೇಳಿ ಆಮೇಲೆ ನೋಡಿದರೆ ಅದರಲ್ಲಿ ಇದ್ದಿದ್ದು 84 ಸಾವಿರ.

ಪಿಂಪ್ರಿಯಿಂದ ಹೊರಟವಳು:

ಹಾಗಾದ್ರೆ ಹೀಗೆ ಬರ್ಕೊಂಡೆ: 81,554, ಹದಿನೈದು ವರ್ಷ ತುಂಬೋಕೆ ಇನ್ನು ಎಂಟು ವರ್ಷ ಎಂಟು ತಿಂಗಳು, ವರ್ಷಕ್ಕೆ ಸುಮಾರು 9,400. ಇನ್ಶೂರೆನ್ಸ್ ಬೇರೆ ಸಾಲು. ರೀಫಂಡ್ ಕಾಲಂ ಖಾಲಿ. ಮನೆಯವರು ಈಗಲೇ ಪೆನ್ಸಿಲ್ ಹಿಡ್ಕೊಂಡು ಪಾರ್ಕಿಂಗಿಗೆ ಇಳಿದಿದ್ದಾರೆ, ಬಾನೆಟ್ ತೆಗೆದು ಅರ್ಧ ಗಂಟೆಯಾಯ್ತು, ನಂಬರೇ ಕಾಣ್ತಿಲ್ವಂತೆ.

ಕೆಂಗೇರಿ ಕಡೆಯವ:

ಡ್ರೈವರ್ ಪಕ್ಕದ ಸೀಟು ಹಿಂದಕ್ಕೆ ತಳ್ಳಿ, ಕೆಳಗಿನ ಕಾರ್ಪೆಟ್ ಎತ್ತಿ ನೋಡೋಕೆ ಹೇಳಿ. ಟಾರ್ಚ್ ತಗೊಂಡು ಹೋಗಲಿ.